ಒಲೆ ಇಲ್ಲದೆ ಮಗುವಿಗೆ ಮಧ್ಯಾಹ್ನದ ಊಟ, ಸಹಾಯ ಬೇಕು

ಮಗಳಿಗೆ ಈಗ 1 ವರ್ಷ 4 ತಿಂಗಳು. ಅತ್ತೆ ಊರಿಗೆ ಹೋದಮೇಲೆ ಡೇಕೇರ್‌ಗೆ ಬಿಡುತ್ತಿದ್ದೇನೆ. ಅಲ್ಲಿ ಅಡುಗೆ ಮಾಡಿಕೊಡುವುದಿಲ್ಲ, ಫ್ಲಾಸ್ಕಿನ ಬಿಸಿನೀರು ಮಾತ್ರ ಸಿಗುತ್ತದೆ. ಬೆಳಿಗ್ಗೆ 7ಕ್ಕೆ ಪೊಂಗಲ್ ಮಾಡಿ ಡಬ್ಬಿಗೆ ಹಾಕಿದರೆ 12ರ ಹೊತ್ತಿಗೆ ಗಟ್ಟಿಯಾಗಿ ಚಮಚ ನೆಟ್ಟಗೆ ನಿಲ್ಲುತ್ತದೆ. ಇಡ್ಲಿ ಒಣಗಿರುತ್ತದೆ, ಎರಡು ತುತ್ತು ತಿಂದು ಉಗಿಯುತ್ತಾಳೆ. ಅಂಗಡಿಯ ಸೀರಿಯಲ್ ತಂದೆ, ಹಿಂದೆ ಓದಿದರೆ ಸಕ್ಕರೆ! ಎರಡು ವರ್ಷದವರೆಗೆ ಅದು ಬೇಡ ಎಂದು ಡಾಕ್ಟರ್ ಹೇಳಿದ್ದಾರೆ, ಸುಮ್ನೆ ದುಡ್ಡು ದಂಡ ಆಯ್ತು.

ಆಮೇಲೆ ಅಕ್ಕಿ, ಹೆಸರುಬೇಳೆ ತೊಳೆದು ಒಣಗಿಸಿ, ಜೀರಿಗೆ ಜೊತೆ ಹುರಿದು ಪುಡಿ ಮಾಡಿಟ್ಟೆ. ಒಲೆ ಮೇಲೆ 10 ನಿಮಿಷ ಕುದಿಸಿದರೆ ಚೆನ್ನಾಗಿದೆ. ಫ್ಲಾಸ್ಕಿನ ನೀರಲ್ಲಿ ಕಲಸಿದರೆ ಮಾತ್ರ ಹಸಿ ವಾಸನೆ, ಬಾಯಲ್ಲಿ ತರಿತರಿ. ತೆಳು ಅವಲಕ್ಕಿ ಪುಡಿ ಬಿಸಿನೀರಲ್ಲೇ ಮೆತ್ತಗಾಗುತ್ತದೆ, ಆದರೆ ದಿನಾ ಬರೀ ಅದನ್ನೇ ಕೊಟ್ಟರೆ ಬೇಳೆ ಎಲ್ಲಿಂದ ಬರಬೇಕು ಅಲ್ವಾ?

ನನಗೆ ಗೊತ್ತಾಗದೆ ಇರುವುದು ಇಷ್ಟೇ. ಅವಲಕ್ಕಿ ಪುಡಿಗೆ ಹುರಿಗಡಲೆ ಪುಡಿ ಸೇರಿಸಿ, ಕುದಿಸದೆ ಬರೀ ಬಿಸಿನೀರಲ್ಲಿ ಕಲಸಿ ಈ ವಯಸ್ಸಿಗೆ ಕೊಟ್ಟವರು ಇದ್ದೀರಾ? ಹೊಟ್ಟೆಗೆ ಆಗಿಬಂತಾ? ಅವಲಕ್ಕಿಗೆ ಎಷ್ಟು ಹುರಿಗಡಲೆ ಹಾಕಿದಿರಿ, ಪುಡಿ ಎಷ್ಟು ದಿನ ಇಟ್ಟಿರಿ, ಹೇಳಿ ಪ್ಲೀಸ್.