ಗ್ರಾಫಿಕ್ಸ್ ಕಾರ್ಡಿಗೆ ಲಿಕ್ವಿಡ್ ಕೂಲರ್: ಚಿಪ್ ಒಂದು ತಣ್ಣಗಾದರೆ ಸಾಕಾ?

ಪ್ರಶ್ನೆ (ಕಲಬುರಗಿ):
ಸರ್, ನಮಸ್ಕಾರ. ನನ್ನ ಹತ್ತಿರ ಜಿಟಿಎಕ್ಸ್ 1080 ಟಿಐ ಕಾರ್ಡ್ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಒಂದೇ ಫ್ಯಾನಿನ ಬ್ಲೋವರ್ ಮಾದರಿ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರ್ (ದೃಶ್ಯವನ್ನು ಚಿತ್ರವಾಗಿಸುವ ಕೆಲಸ) ಹಾಕಿದರೆ ರಾತ್ರಿ ಪೂರ್ತಿ ಓಡುತ್ತದೆ. ಬೇಸಿಗೆಯಲ್ಲಿ ನಮ್ಮ ಕೋಣೆಯೇ 37 ಡಿಗ್ರಿ ಇರುತ್ತದೆ. ಕಾರ್ಡ್ 84ಕ್ಕೆ ಹೋಗಿ ನಿಲ್ಲುತ್ತದೆ, ಕ್ಲಾಕ್ (ಚಿಪ್ ಓಡುವ ವೇಗ) ಇಳಿಯುತ್ತದೆ. ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಹಳೆಯ ಪ್ರೊಸೆಸರಿನಿಂದ ಬಿಚ್ಚಿಟ್ಟ 120 ಮಿ.ಮೀ. ಎಐಒ ಕೂಲರ್ (ಪಂಪ್, ಪೈಪ್, ಬಿಸಿ ಹೊರಹಾಕುವ ರೇಡಿಯೇಟರ್ ಎಲ್ಲ ಸೇರಿಯೇ ಬರುವ ಲಿಕ್ವಿಡ್ ಕೂಲರ್) ಮನೆಯಲ್ಲಿದೆ. ಗುಂಡಗಿನ ಪಂಪ್, ಮೂರು ವರ್ಷ ಹಳೆಯದು. ಅದನ್ನು ಕೇಬಲ್ ಟೈ ಹಾಕಿ ಕಾರ್ಡಿಗೆ ಕಟ್ಟಬಹುದು ಎಂದು ಒಬ್ಬರು ಹೇಳಿದರು. ಕಟ್ಟಬಹುದಾ? 120ರ ರೇಡಿಯೇಟರ್ ಸಾಕಾಗುತ್ತದಾ?

ಉತ್ತರ (ಗ್ರಾಫಿಕ್ಸ್ ಕಾರ್ಡ್ ರಿಪೇರಿ ಮಾಡುವವರು, ಬೆಂಗಳೂರು):
ನಮಸ್ಕಾರ. ಮೊದಲು ಒಂದು ಮಾತು. ಕೂಲರ್ ಬದಲಿಸುವ ಮುಂಚೆ ಈಗಿರುವ ಕೂಲರನ್ನೇ ಒಮ್ಮೆ ಬಿಚ್ಚಿ ನೋಡಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂದರೆ ಚಿಪ್ ಮತ್ತು ಕೂಲರ್ ನಡುವೆ ಬಿಸಿ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರಬಹುದು. ಬ್ಲೋವರಿನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹ) ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿರಬಹುದು. ಹೊಸ ಪೇಸ್ಟ್ ಹಾಕಿ, ಧೂಳು ತೆಗೆದರೆ ಎಷ್ಟೋ ಕಾರ್ಡ್‌ಗಳು ಅಲ್ಲಿಗೇ ಸರಿಹೋಗುತ್ತವೆ. ಖರ್ಚು ಕೆಲವು ನೂರು ರೂಪಾಯಿ.

84ಕ್ಕೆ ನಿಲ್ಲುವುದು ಕಾರ್ಡ್ ಕೆಟ್ಟಿದೆ ಎಂದಲ್ಲ. 1080 ಟಿಐಗೆ ಕಂಪನಿ ಇಟ್ಟ ಗುರಿಯೇ 84 ಡಿಗ್ರಿ. ಅದಕ್ಕಿಂತ ಮೇಲೆ ಹೋಗದಂತೆ ಅದು ತಾನೇ ಕ್ಲಾಕ್ ಇಳಿಸಿಕೊಳ್ಳುತ್ತದೆ. ಗರಿಷ್ಠ ಮಿತಿ 91. ಹಾಗಾಗಿ ಗಾಬರಿ ಬೇಡ. ಆದರೆ 37 ಡಿಗ್ರಿ ಕೋಣೆಯಲ್ಲಿ ರಾತ್ರಿ ಪೂರ್ತಿ ರೆಂಡರ್ ಮಾಡುವವರಿಗೆ ಬ್ಲೋವರ್ ಕಷ್ಟವೇ. ಲಿಕ್ವಿಡ್ ಹಾಕುವ ನಿಮ್ಮ ಯೋಚನೆ ತಪ್ಪಲ್ಲ.

120 ಸಾಕು. ಪ್ರೊಸೆಸರಿಗೆ ಹೋಲಿಸಿ ಜನ ಅನುಮಾನ ಪಡುತ್ತಾರೆ. ಪ್ರೊಸೆಸರಿನ ಚಿಪ್ ಚಿಕ್ಕದು, ಅದರ ಮೇಲೆ ಲೋಹದ ಮುಚ್ಚಳ ಬೇರೆ ಇರುತ್ತದೆ. ನಿಮ್ಮ ಕಾರ್ಡಿನ ಚಿಪ್ 471 ಚದರ ಮಿ.ಮೀ. ಮುಚ್ಚಳವಿಲ್ಲ, ಪಂಪಿನ ತಾಮ್ರದ ತಟ್ಟೆ ನೇರವಾಗಿ ಅದರ ಮೇಲೇ ಕೂರುತ್ತದೆ. ಬಿಸಿ ಸಲೀಸಾಗಿ ನೀರಿಗೆ ಇಳಿಯುತ್ತದೆ. 2014ರಲ್ಲಿ ಎಎಂಡಿಯವರು ಆರ್9 295ಎಕ್ಸ್2 ಎಂಬ ಕಾರ್ಡ್ ತಂದರು. ಎರಡು ಚಿಪ್, 500 ವಾಟ್. ಅದಕ್ಕೆ ಕಂಪನಿಯೇ ಕೊಟ್ಟಿದ್ದು ಒಂದು 120ರ ರೇಡಿಯೇಟರ್! ನಿಮ್ಮದು 250 ವಾಟ್.

ಕೇಬಲ್ ಟೈ ಮಾತ್ರ ಬೇಡ. ದಯವಿಟ್ಟು ಬೇಡ. ಮುಚ್ಚಳವಿಲ್ಲದ ಚಿಪ್ ಅಂದರೆ ಬರಿಯ ಸಿಲಿಕಾನ್, ಗಾಜಿನ ಹಾಗೆ. ಒಂದು ಮೂಲೆಗೆ ಒತ್ತಡ ಜಾಸ್ತಿಯಾದರೆ ಅಂಚು ಚಕ್ಕೆ ಏಳುತ್ತದೆ. ಆಮೇಲೆ ಆ ಕಾರ್ಡನ್ನು ನಾನೂ ಉಳಿಸಲಾರೆ. ಟೈ ಹಾಕಿದರೆ ನಾಲ್ಕೂ ಕಡೆ ಒಂದೇ ಬಿಗಿ ಬರುವುದಿಲ್ಲ, ಬಿಸಿಗೆ ಪ್ಲಾಸ್ಟಿಕ್ ಸಡಿಲವೂ ಆಗುತ್ತದೆ. ಇದಕ್ಕೆಂದೇ ಬ್ರಾಕೆಟ್ ಬರುತ್ತದೆ. ಎನ್‌ಝಡ್‌ಎಕ್ಸ್‌ಟಿಯವರ ಕ್ರಾಕನ್ ಜಿ12 ಎಂಬುದು ಜನ ಜಾಸ್ತಿ ಬಳಸಿದ್ದು. ಅದು ಆಸೆಟೆಕ್ ಮಾದರಿಯ ಗುಂಡಗಿನ ಪಂಪ್‌ಗೆ ಕೂರುತ್ತದೆ. ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಬರುವ ಎಷ್ಟೋ ಪಂಪ್‌ಗಳು ಈ ಆಸೆಟೆಕ್‌ನವೇ. ನಿಮ್ಮ ಪಂಪಿನ ಸುತ್ತ ಹಲ್ಲುಗಳಿವೆಯಾ ನೋಡಿ, ಫೋಟೋ ಹಾಕಿ. ಆಮೇಲೆ ಬ್ರಾಕೆಟ್ ಹುಡುಕಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಾಗಲಿ ಆನ್‌ಲೈನಿನಲ್ಲಾಗಲಿ, ತಗೊಳ್ಳುವ ಮೊದಲು ನಿಮ್ಮ ಕಾರ್ಡಿನ ಹೆಸರು ಅದರ ಪಟ್ಟಿಯಲ್ಲಿದೆಯಾ ಎಂದು ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಎಐಒ ಹಾಕಿದಾಗ ತಣ್ಣಗಾಗುವುದು ಚಿಪ್ ಮಾತ್ರ. ಕಾರ್ಡಿನಲ್ಲಿ ಬಿಸಿಯಾಗುವುದು ಅದೊಂದೇ ಅಲ್ಲ. ಚಿಪ್ಪಿನ ಸುತ್ತ ಮೆಮೊರಿ ಇದೆ, ನಿಮ್ಮದರಲ್ಲಿ 11 ಚಿಪ್ಪುಗಳು. ಪಕ್ಕದಲ್ಲಿ ವಿಆರ್‌ಎಂ ಎಂಬ ವೋಲ್ಟೇಜ್ ಇಳಿಸುವ ಭಾಗ ಇದೆ. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ) ಬರುವ 12 ವೋಲ್ಟನ್ನು ಸುಮಾರು 1 ವೋಲ್ಟಿಗೆ ಇಳಿಸಿ ಚಿಪ್ಪಿಗೆ ಕೊಡುವುದು ಅದರ ಕೆಲಸ. 1 ವೋಲ್ಟಿನಲ್ಲಿ ಅಷ್ಟು ವಾಟ್ ಕೊಡಬೇಕೆಂದರೆ ನೂರೈವತ್ತು ಆಂಪಿಯರ್ ಮೇಲೆ ಹರಿಯಬೇಕು. ಬಿಸಿಯಾಗದೆ ಇರುತ್ತದಾ? ಮೂಲ ಕೂಲರಿನಲ್ಲಿ ಇವೆಲ್ಲದರ ಮೇಲೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್, ಅದರ ಮೇಲೆ ಲೋಹದ ತಟ್ಟೆ, ಅದರ ಮೇಲೆ ಫ್ಯಾನಿನ ಗಾಳಿ ಇರುತ್ತದೆ. ನೀವು ಅಷ್ಟನ್ನೂ ಕಿತ್ತು ಪಂಪ್ ಮಾತ್ರ ಕೂರಿಸಿದರೆ ಇವು ಬೆತ್ತಲೆ.

ನನ್ನ ಮೇಜಿಗೆ ಒಂದು ಕಾರ್ಡ್ ಬಂದಿತ್ತು. ಎಐಒ ಹಾಕಿದವರು, ‘55 ಡಿಗ್ರಿ ದಾಟುತ್ತಲೇ ಇರಲಿಲ್ಲ ಸರ್, ಆದರೂ ಸತ್ತುಹೋಯಿತು’ ಎಂದರು. 55 ನಿಜ, ಅದು ಚಿಪ್ಪಿನದು. ವಿಆರ್‌ಎಂನ ಮಾಸ್‌ಫೆಟ್ (ವಿದ್ಯುತ್ತನ್ನು ಆನ್-ಆಫ್ ಮಾಡುವ ಬಿಡಿಭಾಗ) ಸುಟ್ಟು ಬೋರ್ಡ್ ಕಪ್ಪಾಗಿತ್ತು. ಎಷ್ಟೋ ಕಾರ್ಡ್‌ಗಳಲ್ಲಿ ವಿಆರ್‌ಎಂ ಬಿಸಿಯನ್ನು ಸಾಫ್ಟ್‌ವೇರ್ ತೋರಿಸುವುದೇ ಇಲ್ಲ. ಪರದೆಯ ಮೇಲಿನ ಒಂದು ಅಂಕಿ ನೋಡಿ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಅವರು ಬ್ರಾಕೆಟ್ ಜೊತೆ ಬಂದ ಚಿಕ್ಕ ಫ್ಯಾನನ್ನು ‘ಸುಮ್ನೆ ಸದ್ದು’ ಎಂದು ಬಿಚ್ಚಿಟ್ಟಿದ್ದರು. ಜಿ12ರಲ್ಲಿ ಬರುವ 92 ಮಿ.ಮೀ. ಫ್ಯಾನ್ ಇರುವುದೇ ವಿಆರ್‌ಎಂಗೆ ಗಾಳಿ ಕೊಡಲು.

ನಿಮ್ಮದು ಬ್ಲೋವರ್ ಕಾರ್ಡ್, ಅದೊಂದು ಅನುಕೂಲ. ಅನೇಕ ಬ್ಲೋವರ್‌ಗಳಲ್ಲಿ ಮೆಮೊರಿ ಮತ್ತು ವಿಆರ್‌ಎಂ ಮೇಲಿನ ತಟ್ಟೆ ಬೇರೆ, ಚಿಪ್ಪಿನ ಹೀಟ್‌ಸಿಂಕ್ ಬೇರೆ ಇರುತ್ತದೆ. ಹಾಗಿದ್ದರೆ ಆ ತಟ್ಟೆಯನ್ನು ಹಾಗೇ ಉಳಿಸಿಕೊಳ್ಳಿ. ಪೇಸ್ಟ್ ಹಚ್ಚುವ ಮೊದಲು ಪಂಪನ್ನು ಸುಮ್ಮನೆ ಇಟ್ಟು ನೋಡಿ. ತಟ್ಟೆಯ ಅಂಚು ಪಂಪಿಗೆ ತಾಗಿದರೆ ತಾಮ್ರ ಚಿಪ್ಪಿನ ಮೇಲೆ ಪೂರ್ತಿ ಕೂರುವುದಿಲ್ಲ. ತಟ್ಟೆ ಉಳಿಸಲು ಆಗದಿದ್ದರೆ ಮಾಸ್‌ಫೆಟ್, ಮೆಮೊರಿ ಎರಡಕ್ಕೂ ಚಿಕ್ಕ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಬೇಕು. ಅಗ್ಗದ ಅಂಟು ಬಿಸಿಗೆ ಬಿಟ್ಟುಕೊಂಡು ಬೀಳುತ್ತದೆ. ಬಿದ್ದ ಲೋಹ ಬಿಡಿಭಾಗದ ಎರಡು ಕಾಲುಗಳ (ಪಿನ್) ನಡುವೆ ಕೂತರೆ ಶಾರ್ಟ್. ಒಳ್ಳೆಯ ಥರ್ಮಲ್ ಟೇಪ್ ತಗೊಳ್ಳಿ, ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ.

ಪೇಸ್ಟ್ ಚಿಪ್ಪಿನ ಮೂಲೆ ಮೂಲೆಗೂ ತೆಳ್ಳಗೆ ಹರಡಬೇಕು. ನಡುವೆ ಒಂದು ಚುಕ್ಕೆ ಇಟ್ಟು ಬಿಡುವುದು ಇಲ್ಲಿ ನಡೆಯುವುದಿಲ್ಲ, ಮೂಲೆ ಒಣಗಿ ಉಳಿದರೆ ಆ ಮೂಲೆಯೇ ಕಾಯುತ್ತದೆ. ಪೇಸ್ಟ್ ಬದಲು ಹಚ್ಚುವ ಲಿಕ್ವಿಡ್ ಮೆಟಲ್ ಸಹವಾಸ ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಸ್ಕ್ರೂಗಳನ್ನು ಎದುರು ಬದುರು, ಅರ್ಧರ್ಧ ಸುತ್ತು ಬಿಗಿ ಮಾಡಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ.

ಮರು ಪ್ರಶ್ನೆ (ಕಲಬುರಗಿ):
ತುಂಬಾ ಉಪಕಾರ ಆಯ್ತು ಸರ್. ಪಂಪ್ ವೈರ್ ಎಲ್ಲಿಗೆ ಕೊಡಲಿ? ಕಾರ್ಡಿನಲ್ಲೇ ಫ್ಯಾನ್ ಪಿನ್ ಇದೆ. ರೇಡಿಯೇಟರ್ ಎಲ್ಲಿಡಲಿ?

ಉತ್ತರ:
ಪಂಪನ್ನು ಕಾರ್ಡಿನ ಪಿನ್ನಿಗೆ ಕೊಡಬೇಡಿ. ಅದು ಚಿಕ್ಕ ಫ್ಯಾನಿಗೆ ಮಾಡಿದ್ದು, ಬಿಸಿ ನೋಡಿಕೊಂಡು ವೇಗ ಇಳಿಸುತ್ತದೆ. ಪಂಪ್ ಯಾವಾಗಲೂ ಪೂರ್ತಿ 12 ವೋಲ್ಟಿನಲ್ಲಿ ಓಡಬೇಕು. ಮದರ್‌ಬೋರ್ಡಿನ ಪಂಪ್ ಪಿನ್ನಿಗೆ ಕೊಡಿ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಶೇಕಡಾ 100ಕ್ಕೆ ಇಡಿ. ರೇಡಿಯೇಟರ್ ಫ್ಯಾನಿನದು ಬೇರೆ ಕಥೆ. ಮದರ್‌ಬೋರ್ಡಿಗೆ ಕೊಟ್ಟರೆ ಅದು ಪ್ರೊಸೆಸರಿನ ಬಿಸಿ ನೋಡಿ ತಿರುಗುತ್ತದೆ. ನಿಮ್ಮ ರೆಂಡರಿನಲ್ಲಿ ಪ್ರೊಸೆಸರ್ ಆರಾಮಾಗಿರುತ್ತದೆ, ಕಾರ್ಡ್ ಬಿಸಿಯಾಗುತ್ತಿರುತ್ತದೆ, ಫ್ಯಾನ್ ಮಾತ್ರ ಮೆಲ್ಲಗೆ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಕಾರ್ಡಿನ ಬಿಸಿಗೆ ಜೋಡಿಸಬಹುದು.

ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಸೇರುತ್ತದೆ. ಆ ಜಾಗ ಪಂಪ್ ಆಗಬಾರದು. ಕ್ಯಾಬಿನೆಟ್ಟಿನ ಹಿಂದೆ, ಬಿಸಿ ಗಾಳಿ ಹೊರಗೆ ಹೋಗುವ ಹಾಗೆ ಹಾಕಿ. ಪೈಪ್ ಕೆಳಗಿನಿಂದ ಬರಲಿ.

ಇನ್ನೊಬ್ಬರ ಪ್ರಶ್ನೆ (ಮಂಗಳೂರು):
ನಮ್ಮಲ್ಲಿ ತೇವಾಂಶ ಜಾಸ್ತಿ. ಪೈಪಿನ ಹೊರಗೆ ನೀರು ಬೆವರಿ ಕಾರ್ಡಿನ ಮೇಲೆ ತೊಟ್ಟಿಕ್ಕುವುದಿಲ್ವಾ? ನನ್ನದು ಆರ್‌ಟಿಎಕ್ಸ್ 3080. ಅದಕ್ಕೂ ಹೀಗೆ ಮಾಡಬಹುದಾ?

ಉತ್ತರ:
ಬೆವರುವುದಿಲ್ಲ. ಫ್ರಿಜ್ಜಿನ ಬಾಟಲಿ ಬೆವರುವುದು ಅದು ಕೋಣೆಗಿಂತ ತಣ್ಣಗಿರುವುದರಿಂದ. ಎಐಒ ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗಲು ಸಾಧ್ಯವೇ ಇಲ್ಲ. ಕಲಬುರಗಿಯವರಿಗೂ ಇದೇ ಮಾತು: ಕೋಣೆ 37 ಇದ್ದರೆ ಕಾರ್ಡ್ 65ರ ಆಸುಪಾಸು ಬಂದರೆ ಅದೇ ಒಳ್ಳೆಯ ಫಲ. ಯೂಟ್ಯೂಬಿನಲ್ಲಿ ಚಳಿ ದೇಶದವರು ತೋರಿಸುವ 45 ನೋಡಿ ಬೇಜಾರಾಗಬೇಡಿ.

3080ಗೆ ನಾನು ಬೇಡ ಎನ್ನುತ್ತೇನೆ. 320 ವಾಟ್ ಒಂದು ಕಡೆ ಇರಲಿ. ಅದರ ಜಿಡಿಡಿಆರ್6ಎಕ್ಸ್ ಮೆಮೊರಿಯೇ ಕಾಯುವ ಸ್ವಭಾವದ್ದು. 110 ಡಿಗ್ರಿ ಮುಟ್ಟಿದರೆ ಕಾರ್ಡ್ ವೇಗ ಇಳಿಸುತ್ತದೆ. ಅಂಟಿಸಿದ ಚಿಕ್ಕ ಹೀಟ್‌ಸಿಂಕ್ ನಂಬಿ ಅದನ್ನು ಬಿಡುವ ಧೈರ್ಯ ನನಗಿಲ್ಲ. ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ಮೆಮೊರಿ ಜಂಕ್ಷನ್ (ಮೆಮೊರಿಯ ಒಳಗಿನ ಬಿಸಿ) ಎಂಬ ಸಾಲು ನೋಡಿ. ಅದು ನೂರರ ಮೇಲಿದ್ದರೆ ಥರ್ಮಲ್ ಪ್ಯಾಡ್ ಬದಲಿಸಿ. ಪ್ಯಾಡಿನ ದಪ್ಪ ಮೂಲದಷ್ಟೇ ಇರಬೇಕು. ಅರ್ಧ ಮಿ.ಮೀ. ಜಾಸ್ತಿಯಾದರೂ ಹೀಟ್‌ಸಿಂಕ್ ಚಿಪ್ಪಿನಿಂದ ಮೇಲೆದ್ದು ನಿಲ್ಲುತ್ತದೆ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟುವ ಮೊದಲು ಅಂಗಡಿಯಲ್ಲಿ ಕೇಳಿ.

ಮೂರು ವಾರದ ನಂತರ (ಕಲಬುರಗಿ):
ಸರ್, ಬ್ರಾಕೆಟ್ ಸಿಕ್ಕಿತು, ತಟ್ಟೆ ಉಳಿಸಿಕೊಂಡೇ ಹಾಕಿದೆ. ಮನೆ ಶಾಂತವಾಗಿದೆ. ಕಾರ್ಡ್ 66 ತೋರಿಸುತ್ತದೆ. ಆದರೆ ಹಾಟ್ ಸ್ಪಾಟ್ ಎಂಬ ಸಾಲಿನಲ್ಲಿ 93. ಇದು ಸರಿಯಾ? ಫೋಟೋ ಹಾಕಿದ್ದೇನೆ.

ಉತ್ತರ:
66 ಚೆನ್ನಾಗಿದೆ. ಹಾಟ್ ಸ್ಪಾಟ್ ಅಂದರೆ ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗ. 27 ಡಿಗ್ರಿ ಅಂತರ ಸರಿಯಲ್ಲ, 10ರಿಂದ 15 ಇರಬೇಕು. ಪಂಪ್ ಒಂದು ಕಡೆ ವಾಲಿ ಕೂತಿದೆ ಎಂದರ್ಥ. ಇವತ್ತು ರಾತ್ರಿ ರೆಂಡರ್ ಹಾಕಬೇಡಿ. ಬಿಚ್ಚಿ, ತಾಮ್ರದ ಮೇಲೆ ಪೇಸ್ಟ್ ಗುರುತು ನೋಡಿ, ಯಾವ ಮೂಲೆ ದಪ್ಪ ಇದೆಯೋ ಅಲ್ಲಿ ಒತ್ತಡ ಕಡಿಮೆ. ಒರೆಸಿ, ಹೊಸ ಪೇಸ್ಟ್ ಹಾಕಿ ಮತ್ತೆ ಬಿಗಿ ಮಾಡಿ.

ಕಲಬುರಗಿ:
ಮಾಡಿದೆ ಸರ್. ಎಡಗಡೆಯ ಒಂದು ಸ್ಕ್ರೂ ವಾಷರ್ ಇಲ್ಲದೆ ಕೂತಿತ್ತು. ಈಗ 64, ಹಾಟ್ ಸ್ಪಾಟ್ 77.

ಉತ್ತರ:
ಈಗ ನಿಶ್ಚಿಂತೆಯಿಂದ ರೆಂಡರ್ ಹಾಕಿ. ಫೋಟೋದಲ್ಲಿ ಪಂಪಿನ ವೈರ್ 92ರ ಫ್ಯಾನಿನ ರೆಕ್ಕೆಗೆ ತೀರಾ ಹತ್ತಿರ ಕಾಣುತ್ತಿದೆ. ಅದನ್ನು ಪೈಪಿಗೆ ಸೇರಿಸಿ ಕಟ್ಟಿ. ಆ ಕೇಬಲ್ ಟೈಗಳು ಈಗ ಉಪಯೋಗಕ್ಕೆ ಬಂದವು.