ಅಕ್ಕನ ಲಿವರ್‌ನಲ್ಲಿ 4 ಸೆಂ.ಮೀ. ಗಡ್ಡೆ, ಅನುಭವ ಇದ್ದವರು ಹೇಳಿ

ಅಕ್ಕನಿಗೆ 43 ವರ್ಷ. ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ರೆ ಲಿವರ್‌ನಲ್ಲಿ ಗಡ್ಡೆ, ‘ಹೆಮಾಂಜಿಯೋಮಾ ಇರಬಹುದು’ ಅಂತ ಬರೆದಿದ್ದಾರೆ. ಕ್ಯಾನ್ಸರ್ ಅಲ್ಲ ಅಂದ್ರು. ಆದ್ರೂ ಅಮ್ಮ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಒಡೆಯುತ್ತಾ? ಆಪರೇಷನ್ ಬೇಕಾ?

*

ನನಗೇ ಇದೆ ಮೇಡಂ, 9 ವರ್ಷ ಆಯ್ತು. ಆಗ 3.5 ಇತ್ತು, ಈಗಲೂ ಹೆಚ್ಚುಕಮ್ಮಿ ಅಷ್ಟೇ. ರಕ್ತನಾಳಗಳೇ ಸಿಕ್ಕುಸಿಕ್ಕಾಗಿ ಆದ ಗಂಟು ಅದು. ಬಲ ಪಕ್ಕೆಯ ಕೆಳಗೆ ನೋವು ಬಂದಾಗೆಲ್ಲ ಅದರ ಮೇಲೇ ಗುಮಾನಿ, ಕೊನೆಗೆ ನೋಡಿದ್ರೆ ಪಿತ್ತಕೋಶದಲ್ಲಿ ಕಲ್ಲು! ಕಲ್ಲು ತೆಗೆಸಿದೆ, ನೋವು ಹೋಯ್ತು, ಗಂಟು ಇದ್ದಲ್ಲೇ ಇದೆ. ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡಿದಾಗ ಡಾಕ್ಟರು ಪರದೆ ಮೇಲೆ ತೋರಿಸಿದ್ರು: ಮೊದಲು ಅಂಚಿನಲ್ಲಿ ಚುಕ್ಕಿಚುಕ್ಕಿ ಬೆಳ್ಳಗಾಗಿ, ಆಮೇಲೆ ನಿಧಾನಕ್ಕೆ ನಡುವಿನ ತನಕ ತುಂಬಿಕೊಳ್ತು. ಹೆಮಾಂಜಿಯೋಮಾದ ಗುರುತೇ ಅದಂತೆ. ಸೂಜಿ ಹಾಕಿ ತುಣುಕು ತೆಗೆಯೋಣ ಅಂದ್ರೆ ಲಿವರ್ ತಜ್ಞರನ್ನ ಕೇಳದೆ ಒಪ್ಪಬೇಡಿ, ರಕ್ತ ಸೋರುವ ಭಯ ಇದೆ. ತೀರಾ ದೊಡ್ಡದಾದ್ರೆ, 10 ಸೆಂ.ಮೀ. ಹಾಗೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬೋದು, ವಾಕರಿಕೆ ಎಲ್ಲ ಬರಬಹುದು. ತಾನಾಗಿ ಒಡೆಯೋದು ಬಹಳ ಅಪರೂಪ.

*

ಹೆದರಿಸೋಕಲ್ಲ, ಆದ್ರೆ ‘ಕ್ಯಾನ್ಸರ್ ಅಲ್ಲ’ ಅನ್ನೋ ಒಂದೇ ಮಾತು ನಂಬಿ ನಾವು ಕೆಟ್ವಿ. ತಂಗಿಯದು ಅಡಿನೋಮಾ, ಅಂದ್ರೆ ಲಿವರ್‌ನ ಜೀವಕೋಶಗಳೇ ಬೆಳೆದು ಆಗೋ ಬೇರೆ ಥರದ ಗಡ್ಡೆ, 7 ಸೆಂ.ಮೀ. ಗರ್ಭನಿರೋಧಕ ಮಾತ್ರೆಯಿಂದಲೂ ಇದು ಬರಬಹುದಂತೆ, ಅವಳು ಅದನ್ನ ವರ್ಷಗಟ್ಟಲೆ ತಗೊಂಡಿದ್ಲು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡ್ಕೊಂಡು ಕೂತಳು. ಬಲ ಭುಜಕ್ಕೂ ನೋವು, ತಣ್ಣನೆ ಬೆವರು, ತುಟಿ ಬಿಳಿಚಿಕೊಂಡಿತ್ತು. ಒಳಗೆ ರಕ್ತ ಸೋರ್ತಿತ್ತು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಬಿಟ್ಟು ಗಡ್ಡೆಗೆ ಹೋಗೋ ರಕ್ತ ತಡೆದ್ರು, ಕೆಲವು ತಿಂಗಳ ಮೇಲೆ ಆಪರೇಷನ್. ಅಡಿನೋಮಾ 5 ಸೆಂ.ಮೀ. ದಾಟಿದ್ರೆ ಹೀಗೆ ಸೋರೋ ಅಪಾಯ ಜಾಸ್ತಿ, ಒಮ್ಮೊಮ್ಮೆ ಕ್ಯಾನ್ಸರಿಗೂ ತಿರುಗುತ್ತೆ. ಗಂಡಸರಿಗಾದ್ರೆ ಸಣ್ಣದಿದ್ರೂ ತೆಗೆಸಿ ಅಂತಾರೆ. ಜಿಮ್‌ನಲ್ಲಿ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳೋ ಹುಡುಗರಿಗೂ ಇದು ಬರಬಹುದು, ನೋಡ್ಕೋಬೇಕು. ನಿಮ್ಮ ರಿಪೋರ್ಟಿನ ‘ಇರಬಹುದು’ ಸಾಲದು, ಯಾವ ಗಡ್ಡೆ ಅಂತ ಖಚಿತ ಮಾಡ್ಕೊಳಿ.

*

ಗಡ್ಡೆ ಕರಗಿಸ್ತೇವೆ ಅಂತ ಕಷಾಯ ಹಿಡ್ಕೊಂಡು ಬರುವವರ ಹತ್ರ ಜಾಗ್ರತೆ ಮಾರಾಯ್ರೆ. ನಮ್ಮ ಅತ್ತೆಗೆ ಇದ್ದದ್ದು ಎಫ್‌ಎನ್‌ಎಚ್ (ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ), ಲಿವರಿನದ್ದೇ ಇನ್ನೊಂದು ಬಗೆ, ಕ್ಯಾನ್ಸರ್ ಅಲ್ಲದ್ದು, ಸಾಮಾನ್ಯವಾಗಿ ಏನೂ ಮಾಡದೆ ಬಿಡುವಂಥ ಗಂಟು. ಅದಕ್ಕೆ ದಿನಾ ಅಮೃತಬಳ್ಳಿ ಕುಡಿದು ಕುಡಿದು ಕಣ್ಣು ಹಳದಿ ಮಾಡಿಕೊಂಡ್ರು. ಗಂಟು ಹಾಗೇ ಉಂಟು.

*

ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ಅಕ್ಕನ್ನ ಕೇಳಿದೆ. ಅವಳೂ ನಾಲ್ಕು ವರ್ಷ ಆ ಮಾತ್ರೆ ತಗೊಂಡಿದ್ಲಂತೆ, ಡಾಕ್ಟರಿಗೆ ಹೇಳಿಲ್ಲ. ಸೋಮವಾರ ಎಂಆರ್‌ಐ ಇದೆ, ನಾನೂ ಜೊತೆಗೆ ಹೋಗ್ತೀನಿ.