‘ತಲಾಂತು’ ಹಣವೋ ಪ್ರತಿಭೆಯೋ? ‘ಅಕ್ಷರಶಃ’ ಎಂಬ ಮಾತಿನ ತೊಡಕು

ಬಲ್ಲವರಿಗೆ ನಮಸ್ಕಾರ.

ಬೈಬಲಿನ ಕತೆಗಳನ್ನು ಮಕ್ಕಳಿಗಾಗಿ ತಿಳಿಗನ್ನಡದಲ್ಲಿ ಬರೆದ ಒಂದು ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕೆಲಸ ನಿಂತಿದೆ. ಪರದೇಶಕ್ಕೆ ಹೊರಟ ಯಜಮಾನ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸಿ ಹೋಗುತ್ತಾನೆ. ಇಬ್ಬರು ಅದನ್ನು ಇಮ್ಮಡಿ ಮಾಡುತ್ತಾರೆ, ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಲೇಖಕರ ಅಡಿಟಿಪ್ಪಣಿ: ‘ತಲಾಂತು ಎಂದರೆ ಪ್ರತಿಭೆ.’ ನಾನು ಅದನ್ನು ಹೊಡೆದು ‘ಹಿಂದಿನ ಕಾಲದ ಒಂದು ತೂಕ, ಅಷ್ಟು ತೂಕದ ಹಣ’ ಎಂದು ಬರೆದೆ. ‘ಸಾಮ್ಯವನ್ನು (ಯೇಸು ಹೇಳಿದ ನೀತಿಕತೆಯನ್ನು) ಅಕ್ಷರಶಃ ಓದಬಾರದು’ ಎಂದು ಅವರಿಂದ ಉತ್ತರ ಬಂತು. ಅಂದಿನಿಂದ ತಲಾಂತಿಗಿಂತ ಈ ‘ಅಕ್ಷರಶಃ’ವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಮೊದಲು ತಲಾಂತು. ಗ್ರೀಕಿನ ‘ತಾಲಂತೊನ್’ ಎಂದರೆ ತಕ್ಕಡಿ. ಆಮೇಲೆ ತೂಗಿದ ತೂಕ. ಕೊನೆಗೆ ಅಷ್ಟು ತೂಕದ ಹಣ. ಒಂದು ತಲಾಂತು ಸುಮಾರು 6000 ದಿನಾರಿಗೆ (ರೋಮನರ ಬೆಳ್ಳಿ ನಾಣ್ಯಕ್ಕೆ) ಸಮ. ದಿನಾರಿ ಒಂದು ದಿನದ ಕೂಲಿ ಎಂಬುದು ಅದೇ ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಕತೆಯಲ್ಲಿದೆ. ವರ್ಷಕ್ಕೆ 300 ದಿನ ದುಡಿದರೂ 20 ವರ್ಷದ ಕೂಲಿಯಾಯಿತು! ‘ಪಾಪ, ಅವನಿಗೆ ಸಿಕ್ಕಿದ್ದು ಒಂದೇ ತಲಾಂತು’ ಎಂದು ಮರುಗುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು. ಅವನು ಹೂತಿಟ್ಟದ್ದು ಪುಡಿಗಾಸಲ್ಲ.

ಪ್ರತಿಭೆ ಎಂಬ ಅರ್ಥ ಹುಟ್ಟಿದ್ದು ಇದೇ ಕತೆಯ ವ್ಯಾಖ್ಯಾನದಿಂದ. ದೇವರು ವಹಿಸಿಕೊಟ್ಟ ಸಾಮರ್ಥ್ಯವನ್ನು ಹೂತಿಡಬಾರದು ಎಂದು ಯುರೋಪಿನ ಬೋಧಕರು ಹೇಳುತ್ತಾ ಹೇಳುತ್ತಾ ಉಪಮೆಯೇ ಪದದ ಅರ್ಥವಾಗಿ ಕುಳಿತಿತು. ಇಂಗ್ಲಿಷಿನ ಮೂಲಕ ನಮಗೆ ‘ಟ್ಯಾಲೆಂಟ್’ ಬಂತು, ಬೈಬಲಿನ ಅನುವಾದದ ಮೂಲಕ ‘ತಲಾಂತು’ ಬಂತು. ಒಂದೇ ಪದ, ಎರಡು ಬಾಗಿಲು. ಈಗ ಚರ್ಚುಗಳಲ್ಲಿ ‘ದೇವರು ಕೊಟ್ಟ ತಲಾಂತು’ ಎಂದರೆ ಹಾಡುವ ಕಂಠವೋ ಬರೆಯುವ ಕೈಯೋ ಆಗಿರುತ್ತದೆ. ಆ ಬಳಕೆಗೆ ನನ್ನ ತಕರಾರಿಲ್ಲ. ಆದರೆ ಕತೆಯೊಳಗೆ ಅದನ್ನು ತುರುಕಿದರೆ ಕತೆ ಮುರಿಯುತ್ತದೆ. ಪ್ರತಿಭೆಯನ್ನು ಗುಂಡಿ ತೋಡಿ ಹೂಳುವುದು ಹೇಗೆ? ಸಾಹುಕಾರರಲ್ಲಾದರೂ ಇಟ್ಟಿದ್ದರೆ ಬಡ್ಡಿ ಬರುತ್ತಿತ್ತಲ್ಲ ಎಂದು ಯಜಮಾನ ಬೈಯುವುದು ಯಾವುದಕ್ಕೆ?

ಈಗ ‘ಅಕ್ಷರಶಃ’. ನಮ್ಮ ಕಾವ್ಯಮೀಮಾಂಸೆಯಲ್ಲಿ ಲಕ್ಷಣೆ, ಅಂದರೆ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥ ಹಿಡಿಯುವುದು, ಬರಬೇಕಾದರೆ ಮೊದಲು ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಅಂದರೆ ನೇರ ಅರ್ಥ ಹೊಂದದಂತಾಗಬೇಕು. ‘ಗಂಗೆಯಲ್ಲಿ ಹಳ್ಳಿ’ ಎಂದಾಗ ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡ ಎಂದುಕೊಳ್ಳುತ್ತೇವೆ. ಸಾಮ್ಯದಲ್ಲಿ ಈ ಬಾಧೆ ಎಲ್ಲಿದೆ? ಯೇಸು ಹೇಳಿದ ಬಿತ್ತುವವನ ಕತೆಯನ್ನೇ ನೋಡಿ: ಬಿತ್ತುವವನು ಬಿತ್ತುತ್ತಾನೆ, ಬೀಜ ಬಂಡೆಯ ಮೇಲೆ ಬಿದ್ದು ಒಣಗುತ್ತದೆ. ಒಂದೊಂದು ಮಾತೂ ವಾಚ್ಯಾರ್ಥದಲ್ಲಿಯೇ ಸರಿಯಾಗಿದೆ. ಬೇರೆಯದನ್ನು ಸೂಚಿಸುವುದು ಇಡೀ ಕತೆ. ಅದಕ್ಕೆ ಧ್ವನಿಯೆಂಬ (ನೇರವಾಗಿ ಹೇಳದೆ ಸೂಚಿಸುವ ಅರ್ಥವೆಂಬ) ಹೆಸರೇ ಹತ್ತಿರ ಎನ್ನಿಸುತ್ತದೆ. ‘ದೃಷ್ಟಾಂತ’ ಎನ್ನುವವರೂ ಇದ್ದಾರೆ. ಆದರೆ ಶಾಲೆಯಲ್ಲಿ ಕಲಿತ ದೃಷ್ಟಾಂತಾಲಂಕಾರದಲ್ಲಿ ಊಟ ಬಲ್ಲವನೂ ಮಾತು ಬಲ್ಲವನೂ ಇಬ್ಬರೂ ಎದುರಿಗಿರುತ್ತಾರೆ. ಇಲ್ಲಿ ಎಷ್ಟೋ ಸಲ ಒಬ್ಬನೇ ಇದ್ದು, ಇನ್ನೊಬ್ಬನನ್ನು ಕೇಳುಗ ಹುಡುಕಿಕೊಳ್ಳಬೇಕು.

ಹುಡುಕಾಟ ಅತಿಯಾದರೂ ಕಷ್ಟ. ಒಳ್ಳೆಯ ಸಮಾರ್ಯನ ಕತೆಯಲ್ಲಿ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡ ಪ್ರಯಾಣಿಕನನ್ನು ಸಮಾರ್ಯದವನೊಬ್ಬ ಛತ್ರಕ್ಕೆ ಒಯ್ದು ಆರೈಕೆ ಮಾಡುತ್ತಾನೆ. ಹಿಂದಿನ ಕಾಲದ ಕ್ರೈಸ್ತ ವ್ಯಾಖ್ಯಾನಕಾರ ಸಂತ ಆಗಸ್ಟೀನ್ ಆ ಗಾಯಗೊಂಡವನನ್ನು ಆದಾಮನೆಂದೂ ಛತ್ರವನ್ನು ಕ್ರೈಸ್ತಸಭೆಯೆಂದೂ ಛತ್ರದವನನ್ನು ಅಪೊಸ್ತಲ ಪೌಲನೆಂದೂ ಓದಿದ. ಯೆರೂಸಲೇಮಿನಿಂದ ಯೆರಿಕೋವಿಗೆ ‘ಇಳಿದು’ ಹೋದದ್ದೂ ಅವನಿಗೆ ಮನುಷ್ಯನ ಪತನ. ಭೂಗೋಳ ಹೇಳುವುದು ಬೇರೆ: ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ನಮ್ಮವರು ಮಂಗಳೂರಿಗೆ ಘಟ್ಟ ಇಳಿಯುವ ಹಾಗೆಯೇ ಆ ಪ್ರಯಾಣಿಕನೂ ಇಳಿದ.

ಇನ್ನೊಂದು ಗೊಂದಲವಿದೆ. ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತ ಮತ್ತು ಲಾಜರನ ಕತೆಯನ್ನು ‘ಅಕ್ಷರಶಃ’ ಓದುವವರು ಕೇಳುವುದು ಪದದ ಅರ್ಥವನ್ನಲ್ಲ, ‘ಇದು ನಿಜವಾಗಿ ನಡೆದದ್ದೇ?’ ಎಂದು. ಯೇಸುವಿನ ಬೇರೆ ಸಾಮ್ಯಗಳಲ್ಲಿ ಯಾವ ಪಾತ್ರಕ್ಕೂ ಹೆಸರಿಲ್ಲ, ಇಲ್ಲಿ ಲಾಜರನಿಗಿದೆ. ಅದೇ ಅವರ ವಾದದ ಊರುಗೋಲು. ಆದರೆ ಅದೇ ಅಧ್ಯಾಯದ ಮೊದಲಿಗೆ ಬರುವ ಮೋಸಗಾರ ಪಾರುಪತ್ಯಗಾರನ ಕತೆಯೂ ‘ಐಶ್ವರ್ಯವಂತನಾದ ಒಬ್ಬನಿದ್ದನು’ ಎಂಬ ಧಾಟಿಯಲ್ಲಿಯೇ ಶುರುವಾಗುತ್ತದೆ. ಹಾಗಿರುವಾಗ ಹೆಸರೊಂದರಿಂದಲೇ ಅದು ಚರಿತ್ರೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಏನೇ ಆಗಲಿ, ‘ಮಾತಿನ ನೇರ ಅರ್ಥ’ ಮತ್ತು ‘ನಡೆದ ಸಂಗತಿ’ ಎರಡಕ್ಕೂ ‘ಅಕ್ಷರಶಃ’ ಒಂದನ್ನೇ ದುಡಿಸುತ್ತಿದ್ದೇವೆ. ಮೊದಲನೆಯದಕ್ಕೆ ‘ವಾಚ್ಯವಾಗಿ’ ಎನ್ನಬಹುದು. ಎರಡನೆಯದಕ್ಕೆ ಮಕ್ಕಳಿಗೂ ತಿಳಿಯುವ ಮಾತು ಯಾವುದು? ‘ನಡೆದ ಕತೆ’, ‘ಕಟ್ಟಿದ ಕತೆ’ ಎಂದರೆ ಸಾಕೇ? ‘ಕಟ್ಟಿದ’ ಎಂದಕೂಡಲೇ ಸುಳ್ಳು ಎಂಬ ವಾಸನೆ ಹೊಡೆಯುವುದಿಲ್ಲವೇ?

ಕೊನೆಯದಾಗಿ, ಪ್ರೊಟೆಸ್ಟಂಟರ ಕನ್ನಡ ಬೈಬಲಿನ ‘ಸಾಮ್ಯ’ಕ್ಕೆ ಕಥೋಲಿಕರಲ್ಲಿ ‘ಸಾಮತಿ’ ಎನ್ನುತ್ತಾರೆ. ತೆಲುಗಿನ ‘ಸಾಮೆತ’ ಎಂದರೆ ಗಾದೆ. ಹೀಬ್ರೂವಿನ ‘ಮಾಶಾಲ್’ ಕೂಡ ಗಾದೆ, ಒಗಟು, ಕತೆ ಎಲ್ಲವನ್ನೂ ಒಳಗೊಳ್ಳುತ್ತದೆ. ಹಾಗೆ ನೋಡಿದರೆ ಒಣ ‘ಸಾಮ್ಯ’ಕ್ಕಿಂತ ‘ಸಾಮತಿ’ಯೇ ಮೂಲಕ್ಕೆ ಹತ್ತಿರವಾಯಿತು. ನಿಮ್ಮ ಊರಿನ ಮಾತಿನಲ್ಲಿ ಗಾದೆಗೆ ‘ಸಾಮತಿ’ ಎನ್ನುವುದನ್ನು ಕೇಳಿದ್ದರೆ, ಯಾವ ಜಿಲ್ಲೆ, ಯಾವ ಸಂದರ್ಭ ಎಂಬುದನ್ನೂ ಸೇರಿಸಿ ಬರೆಯಿರಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಲೇಖಕರಿಗೆ ತೋರಿಸಬೇಕಾಗಿದೆ.